ಒನೋಡಾ ಮರುಳನೇ? ಮಾಜಿ ಸೈನಿಕರೊಬ್ಬರ ಕಾಗದಕ್ಕೆ ಸಂಪಾದಕರ ಉತ್ತರ

ಮಾನ್ಯ ಹಿರಿಯರೇ,

ನಿಮ್ಮ ಕಾಗದ ಬಂದು ಮೂರು ವಾರ ಕಳೆಯಿತು. ನಾಲ್ಕು ಹಾಳೆ, ಎರಡೂ ಮಗ್ಗುಲು, ಎಲ್ಲ ಪುಟದಲ್ಲೂ ಒಂದೇ ಅಳತೆಯ ಅಂಚು. ಕೋಪದಲ್ಲಿ ಬರೆದದ್ದಾದರೂ ಒಂದು ಅಕ್ಷರದ ಮೈಮೇಲೆ ಇನ್ನೊಂದು ಬಿದ್ದಿಲ್ಲ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪೂರ್ತಿ ಅಚ್ಚು ಮಾಡಲು ಪುಟ ಸಾಲದು. ಹಾಗಾಗಿ ನೀವು ಕೇಳಿದ್ದೇನು ಎಂಬುದನ್ನು ಉಳಿದ ಓದುಗರಿಗೆ ಮೊದಲು ಹೇಳಿಬಿಡುತ್ತೇನೆ.

ಕಳೆದ ಸಂಚಿಕೆಯಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಮೇಲೂ ಕಾಡಿನಲ್ಲಿ ಯುದ್ಧ ಮುಂದುವರಿಸಿದ ಜಪಾನಿನ ಲೆಫ್ಟಿನೆಂಟ್ ಹಿರೋ ಒನೋಡಾ ಬಗ್ಗೆ ಬರೆಯುವಾಗ ನಾನು "ಶಿಸ್ತಿನ ಮರುಳ" ಎಂದಿದ್ದೆ. ಆ ಎರಡು ಪದಗಳಿಗೆ ನಿಮ್ಮ ನಾಲ್ಕು ಹಾಳೆ. 22 ವರ್ಷ ಸಮವಸ್ತ್ರ ತೊಟ್ಟ ನೀವು ಬರೆದದ್ದು ಹೀಗೆ: "ಅಪ್ಪಣೆ ಬಂದಾಗ ಯಾಕೆ ಎನ್ನುವವನು ಪಕ್ಕದಲ್ಲಿರುವವನನ್ನು ಸಾಯಿಸುತ್ತಾನೆ. ದೇವರ ಮೇಲೆ ಭಾರ ಹಾಕದವನು ಆ ರಾತ್ರಿಗಳನ್ನು ದಾಟಲಾರ. ಗುಂಡು ಬೀಳುತ್ತಿದ್ದರೂ ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳದವನು ಸಂಜೆ ಹೊತ್ತಿಗೆ ಅರ್ಧ ಸೋತಿರುತ್ತಾನೆ." ಇದಾದ ಮೇಲೆ ಒಂದು ಸವಾಲು: "ಒನೋಡಾ ಮರುಳನಾದರೆ ನಿಮ್ಮ ಲೆಕ್ಕದಲ್ಲಿ ಒಳ್ಳೆಯ ಸೈನಿಕ ಯಾರು? ಸುತ್ತಿ ಬಳಸದೆ ಒಂದು ಹೆಸರು ಹೇಳಿ."

ಹೆಸರು ಹೇಳುತ್ತೇನೆ. ಆದರೆ ಸ್ವಲ್ಪ ಸುತ್ತಿಯೇ ಬರಬೇಕು. ಬಂದೂಕು ಹಿಡಿದು ಗೊತ್ತಿಲ್ಲದವನು ನಾನು. ನನಗೆ ಗೊತ್ತಿರುವ ಶಿಸ್ತೆಂದರೆ ಪುಟಗಳು ಅಚ್ಚಿಗೆ ಹೋಗುವ ಹಿಂದಿನ ರಾತ್ರಿಯದು ಮಾತ್ರ, ಅದೂ ಬೈಸಿಕೊಂಡು ಬಂದದ್ದು. ಇನ್ನೊಂದು ಮಾತು. ಮುಂದೆ ಬರುವವರನ್ನೆಲ್ಲ ಏಕವಚನದಲ್ಲೇ ಕರೆಯುತ್ತೇನೆ. ಅಗೌರವವೆಂದು ತಿಳಿಯಬೇಡಿ, ಅವರಲ್ಲಿ ಹೆಚ್ಚಿನವರು ಆಗಿನ್ನೂ ಇಪ್ಪತ್ತರ ಆಜುಬಾಜಿನ ಹುಡುಗರು.

ಮೊದಲು ತಪ್ಪೊಪ್ಪಿಗೆ. "ಮರುಳ" ಎಂಬ ಪದ ಹಗುರಾಯಿತು, ವಾಪಸು ತೆಗೆದುಕೊಳ್ಳುತ್ತೇನೆ. 1944ರ ಡಿಸೆಂಬರಿನಲ್ಲಿ ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದಲ್ಲಿ ಇಳಿದವನು ಕಾಡಿನಿಂದ ಹೊರಗೆ ಬಂದದ್ದು 1974ರ ಮಾರ್ಚಿನಲ್ಲಿ. ಅಷ್ಟೂ ವರ್ಷ ಮಳೆಕಾಡಿನ ತೇವದಲ್ಲಿದ್ದ ಅವನ ಬಂದೂಕು ಆಗಲೂ ಗುಂಡು ಹಾರಿಸುವ ಸ್ಥಿತಿಯಲ್ಲಿತ್ತು. ಜೊತೆಗೆ ಸುಮಾರು 500 ತೋಟಾ. ಕಬ್ಬಿಣ ಆ ಹವೆಯಲ್ಲಿ ಎಷ್ಟು ದಿನ ತಡೆಯುತ್ತದೆ ಎಂಬುದು ನನಗಿಂತ ನಿಮಗೆ ಗೊತ್ತು. ದಿನ ಬಿಟ್ಟು ದಿನ ಒರೆಸಿ, ಎಣ್ಣೆ ಹಚ್ಚಿ, ತೋಟಾಗಳನ್ನು ಎಣಿಸಿ ಒಣಗಿಸಿ ಮುಚ್ಚಿಡುವುದು ಮರುಳರ ಕೆಲಸವಲ್ಲ. ಬಂದೂಕಿನ ಮಟ್ಟಿಗೆ ನಿಮ್ಮ ಮಾತು ಸರಿ.

ಬಂದೂಕು ಯಾರ ಕಡೆಗೆ ತಿರುಗಿತ್ತು ಎಂಬಲ್ಲಿ ನಮ್ಮ ದಾರಿ ಬೇರೆಯಾಗುತ್ತದೆ. ಯುದ್ಧ 1945ರ ಆಗಸ್ಟಿನಲ್ಲೇ ಮುಗಿದಿತ್ತು. ಆಮೇಲಿನ ವರ್ಷಗಳಲ್ಲಿ ಒನೋಡಾ ಮತ್ತವನ ಸಂಗಡಿಗರ ಕೈಯಲ್ಲಿ ಸತ್ತ ದ್ವೀಪವಾಸಿಗಳು ಸುಮಾರು 30 ಜನ ಎನ್ನುತ್ತಾರೆ. ಅವರಿಗೆ ಯಾವ ಯುದ್ಧವೂ ಇರಲಿಲ್ಲ, ಬೆಳೆ ಇತ್ತು. ಅವನ ಸಂಗಡಿಗರಲ್ಲಿ ಒಬ್ಬ ಬಿಟ್ಟು ಹೋದ, ಒಬ್ಬ 1954ರಲ್ಲಿ, ಇನ್ನೊಬ್ಬ 1972ರಲ್ಲಿ ಗುಂಡಿಗೆ ಬಿದ್ದರು.

ನಿಮ್ಮ ವಾದ ನನಗೆ ಅರ್ಥವಾಗದೆ ಇಲ್ಲ. ನಿಲ್ಲಿಸು ಎಂಬ ಅಪ್ಪಣೆ ಅವನಿಗೆ ಬರಲಿಲ್ಲ, ಬಂದ ಗಳಿಗೆಯಲ್ಲೇ ನಿಲ್ಲಿಸಿದ ಎನ್ನುತ್ತೀರಿ. ನಿಜ. ಅವನಿಗೆ ಆಜ್ಞೆ ಕೊಟ್ಟಿದ್ದ ಮೇಜರ್ ತಾನಿಗುಚಿ ಅಷ್ಟರಲ್ಲಿ ಪುಸ್ತಕ ಮಾರುತ್ತಿದ್ದ. ಅವನನ್ನು ಹುಡುಕಿ ಕರೆತಂದು, ಕಾಡಿನಲ್ಲಿ ನಿಲ್ಲಿಸಿ, ಬಿಡುಗಡೆಯ ಆದೇಶವನ್ನು ಓದಿಸಬೇಕಾಯಿತು. ಓದಿ ಮುಗಿದ ಮೇಲೂ ಒನೋಡಾ ಕಾಯುತ್ತ ನಿಂತಿದ್ದನಂತೆ: ಇದು ಹೊರಗಿನವರಿಗಾಗಿ ಆಡಿದ ಮಾತು, ನಿಜವಾದ ಆಜ್ಞೆಯನ್ನು ಈಗ ಗುಟ್ಟಾಗಿ ಹೇಳುತ್ತಾರೆ ಎಂದು. ಹೇಳುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದು ತಿಳಿದ ಮೇಲೆಯೇ ಅವನು ಬಂದೂಕಿನಿಂದ ತೋಟಾ ತೆಗೆದದ್ದು.

ಆದರೆ ಅದಕ್ಕೆ ಮುಂಚೆ ಕರಪತ್ರಗಳು ಬಿದ್ದಿದ್ದವು. ಪತ್ರಿಕೆಗಳು ಸಿಕ್ಕಿದ್ದವು. ಒಡಹುಟ್ಟಿದವನೇ ದ್ವೀಪಕ್ಕೆ ಬಂದು ಧ್ವನಿವರ್ಧಕದಲ್ಲಿ ಕೂಗಿ ಕರೆದಿದ್ದ. ಒನೋಡಾ ಆ ದನಿಯನ್ನು ಕೇಳಿಸಿಕೊಂಡ. ಶತ್ರುಗಳು ಒಳ್ಳೆಯ ಅನುಕರಣೆಗಾರನನ್ನು ಹುಡುಕಿದ್ದಾರೆ ಎಂದುಕೊಂಡ. ನನಗೆ ಈ ಕಥೆಯಲ್ಲಿ ಭಯ ಹುಟ್ಟಿಸುವ ಜಾಗ ಇದು. ಹಸಿವು, ನಿದ್ದೆ, ಜ್ವರ ಎಲ್ಲವನ್ನೂ ಹದ್ದುಬಸ್ತಿನಲ್ಲಿಟ್ಟ ಮನುಷ್ಯ ಸ್ವಂತ ಕಿವಿಯನ್ನೂ ಹದ್ದುಬಸ್ತಿನಲ್ಲಿಟ್ಟುಬಿಟ್ಟ. ಮೇಲಿನವರ ಬಾಯಿಂದ ಬರದ ಸತ್ಯ ಸತ್ಯವೇ ಅಲ್ಲ ಎಂಬ ಸ್ಥಿತಿಗೆ ತಲುಪಿದ ಶಿಸ್ತನ್ನು ಏನೆಂದು ಕರೆಯಬೇಕೋ ನೀವೇ ಹೇಳಿ. ನನ್ನ ಪದವನ್ನಂತೂ ವಾಪಸು ತೆಗೆದುಕೊಂಡಾಗಿದೆ.

ಅಪ್ಪಣೆಯನ್ನು ಪ್ರಶ್ನಿಸಬಾರದು ಎಂಬ ನಿಮ್ಮ ಮಾತಿನ ಮುಕ್ಕಾಲು ಪಾಲನ್ನು ನಾನು ಒಪ್ಪುತ್ತೇನೆ. ಮಲಗು, ತೋಡು, ದೀಪ ಆರಿಸು, ಬಾಯಿ ಮುಚ್ಚು, ಈಗ ಓಡು. ಇವಕ್ಕೆಲ್ಲ ಯಾಕೆ ಎಂದು ಕೇಳುತ್ತ ಕೂತರೆ ಕೇಳಿದವನೂ ಉಳಿಯುವುದಿಲ್ಲ, ಪಕ್ಕದವನೂ ಉಳಿಯುವುದಿಲ್ಲ. ನಮ್ಮ ತಕರಾರು ಹತ್ತರಲ್ಲಿ ಒಂಬತ್ತು ಅಪ್ಪಣೆಗಳ ಬಗ್ಗೆ ಅಲ್ಲ, ಹತ್ತನೆಯದರ ಬಗ್ಗೆ. ಆ ಹತ್ತನೆಯದರ ಬಗ್ಗೆ ಸೈನ್ಯಗಳೇ ಬಹಳ ಹಿಂದೆ ಯೋಚಿಸಿದ್ದವು. ಮೇಲಿನವರು ಹೇಳಿದರು, ಮಾಡಿದೆ ಎಂಬ ವಾದವನ್ನು ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗಿನ ನ್ಯಾಯಾಲಯ ತಳ್ಳಿಹಾಕಿದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಜರ್ಮನಿಯದೇ 1872ರ ಸೇನಾ ದಂಡಸಂಹಿತೆ. ಆಜ್ಞೆ ಅಪರಾಧಕ್ಕೆಂದೇ ಕೊಟ್ಟದ್ದು ಎಂದು ತಿಳಿದೂ ಪಾಲಿಸಿದವನಿಗೆ ಶಿಕ್ಷೆಯುಂಟು ಎಂದು ಅದರ 47ನೆಯ ಕಲಮು ಹೇಳುತ್ತಿತ್ತು. ಆ ಸಂಹಿತೆ ಹಿಟ್ಲರನ ಕಾಲದಲ್ಲೂ ಜಾರಿಯಲ್ಲಿತ್ತು. ಕಾಗದದ ಮೇಲೆ.

ಕಾಗದ ಬಿಟ್ಟು ನೆಲಕ್ಕೆ ಬರೋಣ. 1968ರ ಮಾರ್ಚ್ 16, ವಿಯೆಟ್ನಾಮಿನ ಮೈ ಲಾಯ್. ಅಮೆರಿಕದ ಪದಾತಿ ಪಡೆಯೊಂದು ಹಳ್ಳಿಗೆ ನುಗ್ಗಿ ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲುತ್ತಿತ್ತು. ಸತ್ತವರು ಅಮೆರಿಕದ ಲೆಕ್ಕದಲ್ಲಿ 347, ವಿಯೆಟ್ನಾಮಿನ ಲೆಕ್ಕದಲ್ಲಿ 504. ಮೇಲೆ ಸಣ್ಣ ಹೆಲಿಕಾಪ್ಟರಿನಲ್ಲಿ ಸುತ್ತುತ್ತಿದ್ದ ಹ್ಯೂ ಥಾಂಪ್ಸನ್‌ಗೆ 24 ವರ್ಷ, ಜೊತೆಗೆ ಇಬ್ಬರು ಸಿಬ್ಬಂದಿ. ಕೆಳಗೆ ಬಿದ್ದವರಲ್ಲಿ ಶಸ್ತ್ರ ಹಿಡಿದವರು ಯಾರೂ ಕಾಣಲಿಲ್ಲ. ಒಂದು ಬಂಕರಿನ ಬಾಯಲ್ಲಿ ಊರಿನವರು ಮುದುರಿಕೊಂಡಿದ್ದರು, ಅವರತ್ತ ಸೈನಿಕರು ನಡೆದು ಬರುತ್ತಿದ್ದರು. ಥಾಂಪ್ಸನ್ ಇಬ್ಬರ ನಡುವೆ ಹೆಲಿಕಾಪ್ಟರ್ ಇಳಿಸಿದ. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆ ಹಾರಿಸಿ ಎಂದು ತನ್ನ ಹುಡುಗರಿಗೆ ಹೇಳಿ, ತಾನು ಇಳಿದು ಬಂಕರಿನ ಕಡೆ ನಡೆದ.

ಇದನ್ನು ದಂಗೆ ಎನ್ನುವವರಿದ್ದಾರೆ. ನೀವೂ ಹಾಗನ್ನಬಹುದು. ಆದರೆ ಅವನು ಆಮೇಲೆ ಮಾಡಿದ್ದನ್ನು ನೋಡಿ. ರೇಡಿಯೋದಲ್ಲಿ ಬೇರೆ ಹೆಲಿಕಾಪ್ಟರುಗಳನ್ನು ಕರೆದು ಆ ಜನರನ್ನು ಸಾಗಿಸಿದ. ನೆಲೆಗೆ ಮರಳಿ, ಕಂಡದ್ದನ್ನೆಲ್ಲ ಮೇಲಧಿಕಾರಿಗಳಿಗೆ ವರದಿ ಮಾಡಿದ. ಹಳ್ಳಿಯಲ್ಲಿ ಗುಂಡು ನಿಲ್ಲಿಸಿ ಎಂಬ ಆಜ್ಞೆ ಹೊರಟದ್ದು ಆ ವರದಿಯಿಂದ. ಸೈನ್ಯ ಕಲಿಸಿದ ದಾರಿಯಲ್ಲೇ ನಡೆದು ಸೈನ್ಯವನ್ನು ತಡೆದವನು ಅವನು. ಸ್ವಲ್ಪ ದಿನಕ್ಕೆ ಶೌರ್ಯಪದಕ ಬಂತು, ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕವರನ್ನು ಕಾಪಾಡಿದನೆಂಬ ಸುಳ್ಳು ಒಕ್ಕಣೆಯೊಂದಿಗೆ. ಅದನ್ನು ಅವನು ಬಿಸಾಡಿದ. ನಿಜ ಹೇಳಿದ್ದಕ್ಕೆ ಊರಿನಲ್ಲಿ ಬೆದರಿಕೆ ಕರೆಗಳು ಬಂದವು. ಸರಿಯಾದ ಒಕ್ಕಣೆಯ ಪದಕ ಬರಲು 1998 ಆಗಬೇಕಾಯಿತು. ಮೂವತ್ತು ವರ್ಷ. ಒನೋಡಾ ಕಾಡಿನಲ್ಲಿ ಕಾದದ್ದೂ ಹೆಚ್ಚುಕಡಿಮೆ ಅಷ್ಟೇ.

ಈಗ ದೇವರ ವಿಷಯ. ಇಲ್ಲಿ ನಾನು ಹೆದರಿ ಹೆದರಿ ಬರೆಯುತ್ತಿದ್ದೇನೆ. ಸಾವಿನ ಪಕ್ಕದಲ್ಲಿ ಕೂತವನ ಪ್ರಾರ್ಥನೆಗೆ ಕುರ್ಚಿಯಲ್ಲಿ ಕೂತವನು ಅಂಕ ಕೊಡಬಾರದು. ನನ್ನ ತಗಾದೆ ಒಂದೇ. ಎರಡೂ ಕಡೆಯವರು ದೇವರನ್ನು ಕರೆಯುತ್ತಾರೆ. ಎರಡೂ ಮಹಾಯುದ್ಧಗಳಲ್ಲಿ ಜರ್ಮನ್ ಸೈನಿಕರ ಸೊಂಟಪಟ್ಟಿಯ ಬಿಲ್ಲೆಯ ಮೇಲೆ "ದೇವರು ನಮ್ಮೊಂದಿಗೆ" ಎಂದು ಕೆತ್ತಿತ್ತು. ಎದುರಿನ ಕಂದಕದಲ್ಲಿದ್ದವರೂ ಅದೇ ದೇವರ ಹೆಸರಲ್ಲೇ ಪ್ರಾರ್ಥಿಸುತ್ತಿದ್ದರು. 1865ರ ಮಾರ್ಚಿನಲ್ಲಿ, ಅಮೆರಿಕದ ಅಂತರ್ಯುದ್ಧ ಇನ್ನೇನು ಮುಗಿಯಬೇಕು ಎನ್ನುವಾಗ, ಲಿಂಕನ್ ಇದನ್ನೇ ಹೇಳಿದ: ಇಬ್ಬರೂ ಓದುವುದು ಒಂದೇ ಬೈಬಲ್, ಬೇಡುವುದು ಒಂದೇ ದೇವರನ್ನು, ಇಬ್ಬರೂ ಕೇಳುವುದು ಇನ್ನೊಬ್ಬನ ವಿರುದ್ಧ ನೆರವು. ಗೆಲ್ಲುತ್ತಿದ್ದ ಪಕ್ಷದ ನಾಯಕ ಆಡಿದ ಮಾತು ಅದು, ಅದಕ್ಕೇ ಅದಕ್ಕೆ ತೂಕ.

ನಿಮ್ಮ ಮೂರನೆಯ ಹಾಳೆಯಲ್ಲಿ ಒಂದು ಸಾಲಿದೆ: "ಗೆಲ್ಲಿಸು ಎಂದು ನಾನು ಯಾವತ್ತೂ ಕೇಳಲಿಲ್ಲ, ಕೈ ನಡುಗದಿರಲಿ ಎಂದಷ್ಟೇ ಕೇಳುತ್ತಿದ್ದೆ." ಈ ಸಾಲನ್ನು ಓದಿದ ಮೇಲೆ ನಿಮ್ಮೊಡನೆ ಜಗಳವಾಡುವ ಉತ್ಸಾಹ ಅರ್ಧ ಇಳಿಯಿತು. ಡೆಸ್ಮಂಡ್ ಡಾಸ್‌ನ ಪ್ರಾರ್ಥನೆಯೂ ಇಷ್ಟೇ ಚಿಕ್ಕದು. ಕ್ರೈಸ್ತರ ಅಡ್ವೆಂಟಿಸ್ಟ್ ಪಂಥದ ಈ ಹುಡುಗ ಕೊಲ್ಲುವುದಿಲ್ಲ ಎಂದು ವ್ರತ ಹಿಡಿದವನು, ಬಂದೂಕು ಮುಟ್ಟದೆಯೇ 1942ರಲ್ಲಿ ಅಮೆರಿಕದ ಸೇನೆ ಸೇರಿದ. ತರಬೇತಿಯಲ್ಲಿ ಜೊತೆಯವರು ಹೀಯಾಳಿಸಿದರು. 1945ರ ಮೇ ತಿಂಗಳಲ್ಲಿ ಒಕಿನಾವಾದ ಕಡಿದಾದ ಬಂಡೆಯ ನೆತ್ತಿಯಲ್ಲಿ ಅವನ ತುಕಡಿ ಹಿಮ್ಮೆಟ್ಟಿದಾಗ ಗಾಯಾಳುಗಳೊಂದಿಗೆ ಅವನು ಮೇಲೆಯೇ ಉಳಿದ. ಒಬ್ಬೊಬ್ಬನನ್ನಾಗಿ ಅಂಚಿಗೆ ಎಳೆದು ತಂದು, ಹಗ್ಗ ಕಟ್ಟಿ, ಕೆಳಗೆ ಇಳಿಸಿದ. ಇನ್ನೊಬ್ಬನನ್ನು ತರಲು ಬಿಡು ದೇವರೇ, ಇನ್ನೊಬ್ಬನನ್ನು, ಎಂದು ಬೇಡುತ್ತಿದ್ದೆ ಎಂದು ಆಮೇಲೆ ಹೇಳಿದ. ಎಷ್ಟು ಜನ ಎಂದು ಕೇಳಿದಾಗ ಅವನು 50 ಎಂದ, ಅಧಿಕಾರಿಗಳು 100 ಎಂದರು, ಕಡೆಗೆ ಪ್ರಶಸ್ತಿಪತ್ರದಲ್ಲಿ 75 ಎಂದು ಬರೆದರು. ಶೌರ್ಯದ ಲೆಕ್ಕದಲ್ಲಿ ಚೌಕಾಸಿ ಹೀಗೆ ಕೆಳಗಿನಿಂದ ನಡೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಅದೇ ಪ್ರಶಸ್ತಿಪತ್ರದಲ್ಲಿ ಇನ್ನೊಂದು ಸಂಗತಿಯಿದೆ. ಮೇ 21ರಂದು ಗ್ರೆನೇಡಿನ ಚೂರುಗಳು ಅವನ ಕಾಲಿಗೆ ಹೊಕ್ಕವು. ತಾನೇ ಪಟ್ಟಿ ಕಟ್ಟಿಕೊಂಡು ಐದು ಗಂಟೆ ಕಾದ. ಸ್ಟ್ರೆಚರ್ ಬಂತು. ಹೊತ್ತು ಒಯ್ಯುವಾಗ ದಾರಿಯಲ್ಲಿ ತನಗಿಂತ ಹೆಚ್ಚು ಗಾಯಗೊಂಡವನು ಕಂಡ. ಡಾಸ್ ತೆವಳಿ ಕೆಳಗಿಳಿದು, ಮೊದಲು ಅವನನ್ನು ನೋಡಿ ಎಂದ. ಅಲ್ಲಿ ಕಾಯುತ್ತಿರುವಾಗ ಗುಂಡು ಬಡಿದು ತೋಳಿನ ಮೂಳೆ ಮುರಿಯಿತು. ಮುರಿದ ತೋಳಿಗೆ ದಬ್ಬೆ ಬೇಕಲ್ಲ, ಕೈಗೆ ಸಿಕ್ಕದ್ದು ಬಂದೂಕೊಂದರ ಮರದ ಹಿಡಿ. ಅದನ್ನೇ ಕಟ್ಟಿಕೊಂಡು ಮುನ್ನೂರು ಗಜ ತೆವಳಿ ಚಿಕಿತ್ಸಾ ಠಾಣೆ ಸೇರಿದ. ಬಂದೂಕು ಮುಟ್ಟಲ್ಲ ಎಂದಿದ್ದವನಿಗೆ ಅದು ಕೊನೆಗೂ ಒಂದು ಕೆಲಸಕ್ಕೆ ಬಂತು.

"ದೇವರ ಮೇಲೆ ಭಾರ ಹಾಕದವನು ದಾಟಲಾರ" ಎಂಬ ನಿಮ್ಮ ಮಾತನ್ನು ಆದರೂ ಒಪ್ಪಲಾರೆ. ದಾಟಿದವರಿದ್ದಾರೆ. ಅಮೆರಿಕದ ನೌಕಾಪಡೆಯ ವಿಮಾನ ಚಾಲಕ ಜೇಮ್ಸ್ ಸ್ಟಾಕ್‌ಡೇಲ್ ವಿಯೆಟ್ನಾಮ್ ಯುದ್ಧದಲ್ಲಿ, 1965ರ ಸೆಪ್ಟೆಂಬರಿನಲ್ಲಿ ಸೆರೆ ಸಿಕ್ಕಿ ಏಳೂವರೆ ವರ್ಷ ಹನೋಯಿಯ ಹೋವಾ ಲೋ ಮುಂತಾದ ಜೈಲುಗಳಲ್ಲಿ ಕಳೆದ. ಅವನು ಊರಿಕೊಂಡ ಕೋಲು ಎಪಿಕ್ಟೆಟಸ್. ಒಂದು ಕಾಲದಲ್ಲಿ ಗುಲಾಮನಾಗಿದ್ದ, ಕುಂಟನಾಗಿದ್ದ ಗ್ರೀಕ್ ತತ್ವಜ್ಞಾನಿ. ಯಾವುದು ನಿನ್ನ ಕೈಯಲ್ಲಿದೆ, ಯಾವುದು ಇಲ್ಲ ಎಂದು ಬೇರ್ಪಡಿಸಿಕೋ ಎಂಬುದು ಅವನ ಮೊದಲ ಪಾಠ. ಸ್ಟಾಕ್‌ಡೇಲ್‌ಗೆ ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲ. ಚಿತ್ರಹಿಂಸೆಗೆ ಕೊನೆತನಕ ಜಗ್ಗದ ಮನುಷ್ಯನಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಬೇಗನೆ ತಿಳಿಯಿತು. ಬಾಯಿ ಬಿಟ್ಟವನು ನಾಚಿಕೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರೆ ಅವನು ಹೋದಂತೆಯೇ. ಅದಕ್ಕೇ ಅವರು ಮಾಡಿಕೊಂಡ ಕಟ್ಟುಪಾಡು ಮುರಿಯಬೇಡ ಎಂಬುದಲ್ಲ. ಆದಷ್ಟು ತಡೆ, ಮುರಿದರೆ ಮತ್ತೆ ಎದ್ದು ಕೂರು, ಪಕ್ಕದ ಕೋಣೆಯವನನ್ನು ಒಂಟಿಯಾಗಿ ಬಿಡಬೇಡ.

ಒಂಟಿಯಾಗಿ ಬಿಡದೆ ಇರುವುದು ಹೇಗೆ? ಮಾತಾಡುವಂತಿಲ್ಲ. ಗೋಡೆ ಬಡಿಯುತ್ತಿದ್ದರು. ಇಂಗ್ಲಿಷಿನ 26 ಅಕ್ಷರಗಳಲ್ಲಿ ಕೆ ಬಿಟ್ಟು (ಅದರ ಕೆಲಸ ಸಿ ಮಾಡುತ್ತಿತ್ತು) ಉಳಿದ 25ನ್ನು ಐದೈದರ ಐದು ಸಾಲಿಗೆ ಹಾಕಿದ್ದರು. ಮೊದಲ ಬಡಿತ ಸಾಲಿನದು, ಎರಡನೆಯದು ಆ ಸಾಲಿನಲ್ಲಿ ಅಕ್ಷರದ ಜಾಗದ್ದು. ದಿನ ಮುಗಿಯುವಾಗ ಗೋಡೆಯಿಂದ ಗೋಡೆಗೆ ಹೋಗುತ್ತಿದ್ದದ್ದು ಜಿ, ಬಿ, ಯು. "ದೇವರು ನಿನ್ನನ್ನು ಹರಸಲಿ" ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಎರಡು, ಎರಡು. ಒಂದು, ಎರಡು. ನಾಲ್ಕು, ಐದು. ಒಟ್ಟು ಹದಿನಾರು ಬಡಿತ. ಬಡಿಯುವವರಲ್ಲಿ ದೇವರನ್ನು ನಂಬದವರೂ ಇದ್ದಿರಬೇಕಲ್ಲವೇ? ಆದರೂ ಕೇಳಿಸಿಕೊಂಡವನಿಗೆ ಅದು ಹರಕೆಯೇ. ನಿನ್ನೆ ರಾತ್ರಿ ಈ ಪ್ಯಾರಾ ಬರೆಯುವಾಗ ನಾನೂ ಮೇಜಿನ ಮೇಲೆ ಬಡಿದು ನೋಡಿದೆ. ನಿಧಾನವಾಗಿ ಬಡಿದರೂ ಅರ್ಧ ನಿಮಿಷ ಹಿಡಿಯುವುದಿಲ್ಲ.

ಇನ್ನು ನಿಮ್ಮ ಗಡ್ಡದ ಮಾತು. ಇದರ ಬಗ್ಗೆ ವಾದವಿಲ್ಲ, ಇನ್ನಷ್ಟು ಬರೆಯಿರಿ ಎಂಬ ಬೇಡಿಕೆ ಮಾತ್ರ. ರಾತ್ರಿ ಪಹರೆಗೆ ಕೂರುವ ಮುಂಚೆ ಬಲಗಡೆ ಟಾರ್ಚು, ಎಡಗಡೆ ನೀರು, ಮೊಣಕಾಲಿನ ಬಳಿ ಪಟ್ಟಿಯ ಬಟ್ಟೆ, ಪ್ರತಿ ರಾತ್ರಿಯೂ ಅದೇ ಜಾಗದಲ್ಲಿ ಜೋಡಿಸಿಕೊಳ್ಳುತ್ತಿದ್ದೆ, ಕತ್ತಲಲ್ಲಿ ತಲೆ ಕೆಟ್ಟರೂ ಕೈಗೆ ದಾರಿ ಗೊತ್ತಿರಲಿ ಎಂದು ಬರೆದಿದ್ದೀರಿ. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಡ್ಯಾನ್ಯೂಬ್ ನದಿಯಾಚೆಯ ಯುದ್ಧದ ಬಿಡಾರದಲ್ಲಿ ಕೂತು ತನಗೆ ತಾನೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಅದರಲ್ಲೊಂದು ಬೆಳಿಗ್ಗೆ ಹಾಸಿಗೆ ಬಿಟ್ಟೇಳಲು ಮನಸ್ಸಾಗದಿರುವ ಬಗ್ಗೆ. ಸಾಮ್ರಾಜ್ಯ ಆಳುವವನಿಗೂ ಹೊದಿಕೆ ಬಿಸಿಯಾಗಿಯೇ ಇರುತ್ತದೆ ಎಂದು ಓದಿ ನನಗೆ ಸಮಾಧಾನವಾಗಿತ್ತು.

ಆದರೆ ನಿಮಗೆ ಹೆಚ್ಚು ಇಷ್ಟವಾಗುವುದು ಕಾಲಿನ ಕಥೆ ಎಂದು ನನ್ನ ಊಹೆ. ಮೊದಲ ಮಹಾಯುದ್ಧದ ಮೊದಲ ಚಳಿಗಾಲದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನ ಕಂದಕಗಳಲ್ಲಿ ನೀರು ನಿಂತಿತ್ತು. ದಿನಗಟ್ಟಲೆ ಒದ್ದೆ ಬೂಟಿನೊಳಗಿದ್ದ ಕಾಲು ಮರಗಟ್ಟಿ, ಊದಿ, ಕೊಳೆಯತೊಡಗಿತು. ಕೆಲವರ ಕಾಲನ್ನು ಕತ್ತರಿಸಬೇಕಾಯಿತು. ಗುಂಡು ತಾಗದೆಯೇ ಸಾವಿರಾರು ಜನ ಆಸ್ಪತ್ರೆಗೆ ಹೋದರು. ಬ್ರಿಟಿಷ್ ಸೇನೆ ಕಂಡುಕೊಂಡ ದಾರಿ ಸರಳ: ದಿನವೂ ಬೂಟು ಬಿಚ್ಚು, ಒರೆಸು, ತಿಮಿಂಗಿಲದ ಎಣ್ಣೆ ಉಜ್ಜು, ಒಣಗಿದ ಕಾಲುಚೀಲ ಹಾಕು. ಸರಳವಾದರೂ ಸೋತು ಸುಣ್ಣವಾದ ಮನುಷ್ಯ ಇದನ್ನು ತನಗೋಸ್ಕರ ಮಾಡಿಕೊಳ್ಳುವುದಿಲ್ಲ. ಬೆರಳು ಸೆಟೆದಿದೆ, ಲಾಡಿ ಕೆಸರಲ್ಲಿ ಗಂಟಾಗಿದೆ, ನಾಳೆ ನೋಡೋಣ ಅನ್ನಿಸುತ್ತದೆ. ಹಾಗಾಗಿ ಸೈನಿಕರನ್ನು ಇಬ್ಬಿಬ್ಬರ ಜೋಡಿ ಮಾಡಿದರು. ನಿನ್ನ ಕಾಲಿಗೆ ಅವನು ಜವಾಬ್ದಾರ, ಅವನ ಕಾಲಿಗೆ ನೀನು. ಮೇಲೆ ಅಧಿಕಾರಿಯ ತಪಾಸಣೆ. ರೋಗ ಇಳಿಯಿತು.

ಎದುರಿಗೊಬ್ಬ ಕೂತು, ಇನ್ನೊಬ್ಬನ ಕೆಸರು ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ನಾರುವ ಎಣ್ಣೆ ತಿಕ್ಕುತ್ತಿರುವುದನ್ನು ಕಣ್ಣಮುಂದೆ ತಂದುಕೊಳ್ಳಿ. ನೀವು ಸ್ವಯಂಶಿಸ್ತು ಎಂದು ಕರೆದದ್ದರಲ್ಲಿ "ಸ್ವಯಂ" ಎಷ್ಟಿದೆ ಎಂಬ ಅನುಮಾನ ನನಗೆ ಬಂದದ್ದು ಇಲ್ಲಿ. ಒನೋಡಾನ ಪಕ್ಕದಲ್ಲಿ ಕೊನೆಕೊನೆಗೆ ಅವನ ಕಾಲನ್ನಾಗಲಿ ತಲೆಯನ್ನಾಗಲಿ ನೋಡಿ, ಯಾಕಪ್ಪಾ, ಇದು ಕೊಳೆಯುತ್ತಿದೆ ಎನ್ನುವವರು ಯಾರೂ ಉಳಿದಿರಲಿಲ್ಲ.

ಹೆಸರು ಕೇಳಿದ್ದಿರಿ. ಡಾಸ್ ಅಥವಾ ಥಾಂಪ್ಸನ್ ಎನ್ನುತ್ತೇನೆ ಎಂದು ನೀವು ಎಣಿಸಿರುತ್ತೀರಿ. ಇಬ್ಬರೂ ದೀರ್ಘಕಾಲ ಬದುಕಿ, ಕೇಳಿದವರಿಗೆ ತಮ್ಮ ವಿಚಾರ ಹೇಳಿ, 2006ರಲ್ಲಿ ತೀರಿಕೊಂಡರು. ನಾನು ಹೇಳುವ ಹೆಸರು ಗ್ಲೆನ್ ಆಂಡ್ರಿಯೋಟಾ. ಥಾಂಪ್ಸನ್‌ನ ಹೆಲಿಕಾಪ್ಟರಿನಲ್ಲಿದ್ದ ಇಬ್ಬರಲ್ಲಿ ಒಬ್ಬ, 20 ವರ್ಷದವನು. ಬಂಕರಿನವರನ್ನು ಸಾಗಿಸಿದ ಮೇಲೆ ಅವರು ಹಳ್ಳಿಯ ಪಕ್ಕದ ಕಾಲುವೆಯ ಮೇಲೆ ಇನ್ನೊಂದು ಸುತ್ತು ಹಾರಿದರು. ಕಾಲುವೆ ತುಂಬ ಹೆಣಗಳು. ಏನೋ ಅಲುಗಾಡಿದ್ದು ಆಂಡ್ರಿಯೋಟಾನ ಕಣ್ಣಿಗೆ ಬಿತ್ತು. ಹೆಲಿಕಾಪ್ಟರ್ ಇಳಿಯಿತು. ಅವನು ಆ ಕಾಲುವೆಗೆ ಇಳಿದು, ಹೆಣಗಳ ನಡುವೆ ಕಾಲೂರಿ ನಡೆದು ಹೋದ. ಮರಳಿ ಬಂದಾಗ ಕೈಯಲ್ಲಿ ಒಂದು ಮಗುವಿತ್ತು. ಮೈಯೆಲ್ಲ ರಕ್ತ, ಆದರೆ ಅದರದ್ದಲ್ಲ. ಕ್ವಾಂಗ್ ನ್ಗಾಯ್‌ನ ಆಸ್ಪತ್ರೆಗೆ ಹಾರಿ ಮಗುವನ್ನು ಒಪ್ಪಿಸಿದರು.

ಅಲ್ಲಿಗೆ ಇಳಿ ಎಂದು ಅವನಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಕರ್ತವ್ಯದ ಬಗ್ಗೆ, ದೇವರ ಬಗ್ಗೆ ಅವನ ಅಭಿಪ್ರಾಯವೇನು ಎಂದು ಕೇಳುವ ಹೊತ್ತಿಗೆ ಅವನು ಇರಲಿಲ್ಲ. ಮೂರು ವಾರದ ಮೇಲೆ, 1968ರ ಏಪ್ರಿಲ್ 8ರಂದು, ಯುದ್ಧದಲ್ಲೇ ಸತ್ತ. 1998ರಲ್ಲಿ ಪದಕ ಕೊಡುವಾಗ ಉಳಿದಿಬ್ಬರು ಕೈಚಾಚಿ ತೆಗೆದುಕೊಂಡರು, ಅವನದು ಮರಣೋತ್ತರ.

ನಿಮ್ಮ ಮುಂದಿನ ಕಾಗದಕ್ಕೆ ಕಾಯುತ್ತಿರುತ್ತೇನೆ. ಪಹರೆಯ ರಾತ್ರಿಗಳ ಬಗ್ಗೆ ಬರೆದರೆ ಈ ಸಲ ಪುಟ ಕಾದಿರಿಸುತ್ತೇನೆ.

— ಸಂಪಾದಕ